ಕಡಲ ಕೆಸರಿನ ಕಡತ

ಬಂಟ್ವಾಳದಲ್ಲಿ 1923ರ ಮಹಾನೆರೆಗೆ ‘ಮಾರಿ ಬೊಳ್ಳ’ ಎಂದೇ ಹೆಸರು. ಮನೆಮಾತಿನ ನೆನಪು ಹೆಚ್ಚುಕಡಿಮೆ ಅಲ್ಲಿಗೆ ನಿಲ್ಲುತ್ತದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ನಮ್ಮನ್ನು 1430ರವರೆಗೆ ಕರೆದೊಯ್ಯುತ್ತದೆ. ಅದಕ್ಕೂ ಬಹು ಹಿಂದೆ ಈ ನಾಡಿನ ಮಳೆ, ಗಾಳಿ, ಕಡಲು ಹೇಗಿದ್ದವು? ಆ ಚರಿತ್ರೆಯನ್ನು ಯಾವ ಶಾಸನವೂ ಹೇಳುವುದಿಲ್ಲ. ಬೆಳ್ತಂಗಡಿಯ ಘಟ್ಟದ ನೀರನ್ನು ನೇತ್ರಾವತಿ ಒಯ್ದು ಸೇರಿಸುವ ಅರಬಿ ಸಮುದ್ರದ ತಳದಲ್ಲಿ ಅದರ ಕಡತವಿದೆ.

ಆ ಕಡತದ ಅಕ್ಷರಗಳು ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಸುಣ್ಣದ ಚಿಪ್ಪುಗಳು. ಒಂದೊಂದೂ ಮರಳಿನ ಕಣದಷ್ಟು. ಜೀವಿ ಸತ್ತಾಗ ಚಿಪ್ಪು ತಳಕ್ಕಿಳಿದು ಕೆಸರಿನಲ್ಲಿ ಹುದುಗುತ್ತದೆ. ಆಳ ಕಡಲಿನಲ್ಲಿ ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಕೆಸರು ಸೇರುತ್ತದೆ. ಹಡಗಿನಿಂದ ಉದ್ದನೆಯ ಕೊಳವೆಯನ್ನು ತಳಕ್ಕಿಳಿಸಿ ಕೆಸರಿನ ಕಂಬವನ್ನೇ ಮೇಲೆತ್ತುತ್ತಾರೆ. ಅದನ್ನು ಪದರ ಪದರವಾಗಿ ಕೊಯ್ದು, ಜರಡಿಯಲ್ಲಿ ತೊಳೆದು, ಸೂಕ್ಷ್ಮದರ್ಶಕದಡಿ ಚಿಪ್ಪುಗಳನ್ನು ಎಣಿಸುತ್ತಾರೆ. ಪದರಗಳ ವಯಸ್ಸನ್ನು ಇಂಗಾಲ-14 ತಿಳಿಸುತ್ತದೆ.

ಚಿಪ್ಪಿಗೂ ಸಾಗರ ಪ್ರವಾಹಕ್ಕೂ ಏನು ನಂಟು? ನಮ್ಮ ಕರಾವಳಿಯ ನೀರು ಮುಂಗಾರಿನಲ್ಲಿ ತೆಂಕಣಕ್ಕೆ ಹರಿಯುತ್ತದೆ. ಆಗ ಕೆಳಗಿನ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೇಳುತ್ತದೆ. ಮಳೆ ಮುಗಿದ ಮೇಲೆ ಪೇಟೆಗೆ ಬರುವ ಬೂತಾಯಿಯ ಸಮೃದ್ಧಿಗೆ ಇದೂ ಒಂದು ಕಾರಣ. ಚಳಿಗಾಲದಲ್ಲಿ ಹರಿವು ಬಡಗಣಕ್ಕೆ ತಿರುಗಿ, ಬಂಗಾಳ ಕೊಲ್ಲಿಯ ಉಪ್ಪು ಕಡಿಮೆಯಾದ ನೀರನ್ನು ಇತ್ತ ತರುತ್ತದೆ.

ತಣ್ಣೀರು ಮೇಲೇಳುವಲ್ಲಿ ಗ್ಲೋಬಿಜೆರಿನಾ ಬುಲ್ಲೊಯ್ಡಿಸ್ ಎಂಬ ಜಾತಿ ಹೆಚ್ಚುತ್ತದೆ. ಅರಬಿ ಸಮುದ್ರದ ಪಶ್ಚಿಮ ಭಾಗದಲ್ಲಿ, ಹಿಮಯುಗದ ಪದರಗಳಲ್ಲಿ ಇದು ಕಡಿಮೆ. ಸುಮಾರು 9,000 ವರ್ಷಗಳ ಹಿಂದಿನ ಪದರಗಳಲ್ಲಿ ಹೇರಳ. ಎಂದರೆ ಹಿಮಯುಗದಲ್ಲಿ ಮುಂಗಾರು ಗಾಳಿ ಕ್ಷೀಣಿಸಿ, ಬಳಿಕ ಬಲಗೊಂಡಿತು.

ಚಳಿಗಾಲದ ಪ್ರವಾಹಕ್ಕೆ ಸಾಕ್ಷಿ ಚಿಪ್ಪಿನೊಳಗಿನ ಆಮ್ಲಜನಕ. ಉಪ್ಪು ಕಡಿಮೆಯಾದ ನೀರಿನಲ್ಲಿ ಬೆಳೆದ ಚಿಪ್ಪಿನಲ್ಲಿ ಭಾರದ ಆಮ್ಲಜನಕ-18ರ ಪ್ರಮಾಣ ಕಡಿಮೆ. ಆದರೆ ನೀರಿನ ಉಷ್ಣತೆ, ಭೂಮಿಯ ಮೇಲಿನ ಹಿಮದ ಮೊತ್ತ ಇವೂ ಆ ಪ್ರಮಾಣವನ್ನು ಬದಲಿಸುವುದರಿಂದ ಅವುಗಳ ಪಾಲನ್ನು ಕಳೆದೇ ಲೆಕ್ಕ ಹಾಕಬೇಕು. ಹೀಗೆ ಅಳೆದ ಎ. ಸರ್ಕಾರ್, ಆರ್. ರಮೇಶ್ ಮತ್ತು ಸಂಗಡಿಗರು, ಕಳೆದ ಹಿಮಯುಗದಲ್ಲಿ ಚಳಿಗಾಲದ ಮಾನ್ಸೂನ್ ಪ್ರವಾಹ ಇಂದಿಗಿಂತ ಬಲವಾಗಿತ್ತೆಂದು 1990ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಮುಂಗಾರು ಎಂದರೆ ಎಂದೆಂದಿಗೂ ಒಂದೇ ಕ್ರಮದಲ್ಲಿ ಬರುವ ಅತಿಥಿ ಎಂದು ನಾವು ಭಾವಿಸಿದ್ದೇವೆ. ಕಡಲ ಕಡತ ಹಾಗೆ ಹೇಳುವುದಿಲ್ಲ. ಭೂಮಿಯ ತಾಪ ಬದಲಾದಾಗಲೆಲ್ಲ ಗಾಳಿಯೂ ಪ್ರವಾಹವೂ ಬದಲಾಗಿವೆ. ಈಗ ಕಡಲು ಮತ್ತೆ ಬಿಸಿಯಾಗುತ್ತಿದೆ. ನೇತ್ರಾವತಿಯ ದಡದಲ್ಲಿ ಅಡಿಕೆ, ಭತ್ತ ಬೆಳೆಯುವವನಿಗೂ ಕಡಲಿಗೆ ಬಲೆ ಬೀಸುವವನಿಗೂ ಮುಂದೇನು ಎಂಬ ಪ್ರಶ್ನೆಗೆ ನೂರು ವರ್ಷದ ನೆನಪು ಸಾಲದು. ಆ ಕೆಸರನ್ನೂ ಓದಬೇಕಾಗಿದೆ.