ಕೈಚಕ್ರದಿಂದ ಸ್ಪರ್ಶಪರದೆಗೆ: ಹವ್ಯಾಸಿಗಳ ಸಿ.ಎನ್.ಸಿ. ಯಂತ್ರ

ಲೋಹವನ್ನು ಕಡೆಯುವ ಯಂತ್ರವನ್ನು ಅಂಕಿಗಳಿಂದ ನಡೆಯಿಸುವ ಪ್ರಯತ್ನವು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ, ಆ ದೇಶದ ವಾಯುಪಡೆಯ ಧನಬಲದಿಂದ, 1952ರಲ್ಲಿ ಫಲಿಸಿತು. ತೂತು ಕೊರೆದ ಪಟ್ಟಿಯೇ ಯಂತ್ರಕ್ಕೆ ಆಜ್ಞಾಪತ್ರವಾಯಿತು. ಅದನ್ನು ಸಿದ್ಧಗೊಳಿಸುವ ಕೆಲಸವು ಕಚೇರಿಗೆ ಸೇರಿತು. ಕುಶಲಕರ್ಮಿಯ ಕೈ ಚಕ್ರದಿಂದ ದೂರ ಸರಿಯಿತು. ಇದು ತಂತ್ರದ ಪ್ರಶ್ನೆಯಷ್ಟೇ ಅಲ್ಲ, ಕೆಲಸದ ಮೇಲಣ ಅಧಿಕಾರದ ಪ್ರಶ್ನೆಯೂ ಹೌದೆಂದು ಇತಿಹಾಸಕಾರ ಡೇವಿಡ್ ನೋಬಲ್ 1984ರ ತಮ್ಮ ಗ್ರಂಥದಲ್ಲಿ ವಾದಿಸಿದರು.

ಸ್ಪರ್ಶಪರದೆಯ ಮೂಲವು ಬೇರೆ. 1965ರಲ್ಲಿ ಇಂಗ್ಲೆಂಡಿನ ಮಾಲ್ವರ್ನ್‌ನ ಇ. ಎ. ಜಾನ್ಸನ್ ಅದನ್ನು ವಿವರಿಸಿದಾಗ ವಿಮಾನಸಂಚಾರದ ನಿಯಂತ್ರಣವೇ ಅವರ ಲಕ್ಷ್ಯವಾಗಿತ್ತು. 2009ರಲ್ಲಿ ಹೊರಬಂದ ಗರ್ಬಲ್ ಎಂಬ ಮುಕ್ತ ತಂತ್ರಾಂಶವು ಅಗ್ಗದ ಆರ್ಡ್ವಿನೊ ಫಲಕದಿಂದಲೇ ಮೂರು ಅಕ್ಷಗಳನ್ನು ನಡೆಯಿಸತೊಡಗಿತು. ಅನಂತರ ಈ ಎರಡು ಧಾರೆಗಳೂ ಹವ್ಯಾಸಿಯ ಮೇಜಿನ ಮೇಲೆ ಕೂಡಿದವು. ನಕ್ಷೆ ಬರೆಯುವವನೂ ಯಂತ್ರ ನಡೆಯಿಸುವವನೂ ಮತ್ತೆ ಒಬ್ಬನೇ ಆದನು.

ಆದರೆ ಕಳೆದುದೆಲ್ಲವೂ ಮರಳಿತೆನ್ನಲಾಗದು. ನುಣುಪಾದ ಗಾಜಿನ ಮೇಲೆ ಗುಂಡಿಯು ಬೆರಳಿಗೆ ತಿಳಿಯದು. ಅದನ್ನು ಹುಡುಕುವ ಕಣ್ಣು ತಿರುಗುತ್ತಿರುವ ಕತ್ತರಿಯನ್ನು ಬಿಟ್ಟು ಸರಿಯುತ್ತದೆ. ವಿದ್ಯುದ್ಧಾರಣೆಯಿಂದ ಸ್ಪರ್ಶವನ್ನರಿಯುವ ಪರದೆಯು ತಂಪುದ್ರವದ ಹನಿಯನ್ನೂ ಬೆರಳೆಂದು ಭ್ರಮಿಸಬಹುದು. ಆದುದರಿಂದಲೇ ಎಚ್ಚರವುಳ್ಳ ಹವ್ಯಾಸಿಯು ಪರದೆಯ ಪಕ್ಕದಲ್ಲಿ ಸಣ್ಣ ಕೈಚಕ್ರವೊಂದನ್ನು ಇಟ್ಟುಕೊಳ್ಳುತ್ತಾನೆ; ತುರ್ತುನಿಲುಗಡೆಯ ಕೆಂಪು ಗುಂಡಿಯನ್ನು ಎಂದಿಗೂ ಪರದೆಯ ಚಿತ್ರಕ್ಕೆ ಒಪ್ಪಿಸುವುದಿಲ್ಲ. ಹೊಸ ಸಾಧನವು ಹಳೆಯದನ್ನು ಪೂರ್ತಿ ಅಳಿಸುವುದೆಂಬ ನಂಬಿಕೆಯನ್ನು ನಾವು ಇಲ್ಲಿ ತಿದ್ದಿಕೊಳ್ಳಬೇಕಾಗುತ್ತದೆ: ಅಪಾಯದ ಕ್ಷಣದಲ್ಲಿ ಮನುಷ್ಯನು ನೆಚ್ಚುವುದು ಕೈಗೆ ತಿಳಿಯುವ ವಸ್ತುವನ್ನೇ.