ಮುಳ್ಳು ತೋರಿಸುವುದು ಮೈಲಿಯೋ, ಕಿಲೋಮೀಟರೋ?

ಮೈಸೂರು ಬಿಟ್ಟು, ಶ್ರೀರಂಗಪಟ್ಟಣ ದಾಟಿ ಬೆಂಗಳೂರಿನತ್ತ ಹೊರಟ 1950ರ ದಶಕದ ಒಂದು ಷೆವರ್ಲೆ ಕಾರನ್ನು ಊಹಿಸಿಕೊಳ್ಳಿ. 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಕಾರುಗಳ ವೇಗಮಿತಿ ಗಂಟೆಗೆ 100 ಕಿಲೋಮೀಟರ್. ಕಾರಿನ ಮುಳ್ಳು 70ರ ಮೇಲಿದೆ. ಮಿತಿಗೆ ಇನ್ನೂ ಮೂವತ್ತು ಬಾಕಿ ಇದೆ ಎಂದು ಚಾಲಕ ನಿಶ್ಚಿಂತೆಯಿಂದ ಇರಬಹುದು. ಆದರೆ ಆ ಮುಳ್ಳು ತೋರಿಸುತ್ತಿರುವುದು ಮೈಲಿಗಳನ್ನು! ಕಾರು ಆಗಲೇ 112 ಕಿಲೋಮೀಟರ್ ವೇಗ ದಾಟಿದೆ.

ಹಳೆಯ ಕಾರುಗಳ ಡ್ಯಾಶ್‌ಬೋರ್ಡನ್ನು ಹೊಸದಾಗಿಸಬೇಕೆ, ಇದ್ದಂತೆಯೇ ಬಿಡಬೇಕೆ ಎಂಬ ಪ್ರಶ್ನೆ ಹುಟ್ಟುವುದು ಇಂಥ ಕಡೆಯಲ್ಲೇ. ಇದು ಬರೀ ಶೋಕಿಯ ಮಾತಲ್ಲ. ಒಂದು ಕಡೆ ಪ್ರಾಣದ ಪ್ರಶ್ನೆ, ಇನ್ನೊಂದು ಕಡೆ ಚರಿತ್ರೆಯ ಪ್ರಶ್ನೆ.

‘ಡ್ಯಾಶ್‌ಬೋರ್ಡ್’ ಎಂಬ ಹೆಸರು ಕಾರಿಗಿಂತ ಹಳೆಯದು. ಪಾಶ್ಚಾತ್ಯ ದೇಶಗಳ ಸಾರೋಟುಗಳಲ್ಲಿ ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಸವಾರರ ಮೇಲೆ ಬೀಳದಂತೆ ಮುಂದುಗಡೆ ಹಲಗೆಯೊಂದನ್ನು ಕಟ್ಟುತ್ತಿದ್ದರು. ಕುದುರೆ ಹೋಗಿ ಎಂಜಿನ್ ಬಂದರೂ ಹಲಗೆಯ ಹೆಸರು ಹಾಗೇ ಉಳಿಯಿತು. ಮೊದಮೊದಲು ಅದರ ಮೇಲೆ ಮೀಟರುಗಳೇ ಹೆಚ್ಚಾಗಿ ಇರಲಿಲ್ಲ. 1908ರಲ್ಲಿ ಬಂದ ಫೋರ್ಡ್ ‘ಟಿ’ ಮಾದರಿಯಲ್ಲಿ ಪೆಟ್ರೋಲ್ ಎಷ್ಟಿದೆ ಎಂದು ತಿಳಿಯಲು ಸೀಟು ಎತ್ತಿ, ಟ್ಯಾಂಕಿನೊಳಗೆ ಕಡ್ಡಿ ಇಳಿಸಿ ನೋಡಬೇಕಿತ್ತು. 1910ರ ದಶಕದಲ್ಲಿ ಪ್ರಸಿದ್ಧವಾದ ಬಾಯ್ಸ್ ಮೋಟೋಮೀಟರ್ ಎಂಬ ಉಷ್ಣಮಾಪಕವಂತೂ ಕಾರಿನ ಹೊರಗೆ, ರೇಡಿಯೇಟರ್ ಮುಚ್ಚಳದ ಮೇಲೆಯೇ ಕುಳಿತಿರುತ್ತಿತ್ತು.

ವೇಗ ತೋರಿಸುವ ಮೀಟರಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಜರ್ಮನಿಯ ಆಟೊ ಶುಲ್ಟ್ಸೆ ಇದಕ್ಕೆ 1902ರಲ್ಲಿ ಪೇಟೆಂಟ್ ಪಡೆದ. ಗೇರ್ ಬಾಕ್ಸಿನಿಂದ ಬರುವ ಕೇಬಲ್ ಒಂದು ಆಯಸ್ಕಾಂತವನ್ನು ತಿರುಗಿಸುತ್ತದೆ. ಅದಕ್ಕೆ ತಾಗದಂತೆ ಕೂರಿಸಿದ ಅಲ್ಯೂಮಿನಿಯಂ ಬಟ್ಟಲು ಆಯಸ್ಕಾಂತದ ಸೆಳೆತಕ್ಕೆ ತಾನೂ ತಿರುಗಲು ನೋಡುತ್ತದೆ. ಕೂದಲೆಳೆಯಂಥ ಸ್ಪ್ರಿಂಗ್ ಅದನ್ನು ಹಿಡಿದು ನಿಲ್ಲಿಸುತ್ತದೆ. ಈ ಜಗ್ಗಾಟದ ಲೆಕ್ಕವೇ ಮುಳ್ಳಿನ ಚಲನೆ. ನಮ್ಮ ಅಂಬಾಸಿಡರ್ ಕಾರುಗಳಲ್ಲಿ ದಶಕಗಳ ಕಾಲ ದುಡಿದದ್ದೂ ಇದೇ ಉಪಾಯ. ಕೇಬಲ್ ಒಣಗಿದರೆ ಮುಳ್ಳು ನಡುಗುತ್ತದೆ, ತುಂಡಾದರೆ ಮಲಗುತ್ತದೆ.

ಭಾರತದ ಡ್ಯಾಶ್‌ಬೋರ್ಡುಗಳಿಗೆ ಬಂದ ಮೊದಲ ದೊಡ್ಡ ‘ಸುಧಾರಣೆ’ ಗ್ಯಾರೇಜಿನಿಂದ ಬಂದದ್ದಲ್ಲ, ಸಂಸತ್ತಿನಿಂದ ಬಂದದ್ದು. 1956ರ ತೂಕ ಮತ್ತು ಅಳತೆಗಳ ಕಾಯಿದೆಯಂತೆ 1958ರಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಜಾರಿಗೆ ಬಂತು. ಸೇರು ಹೋಗಿ ಕಿಲೋ ಬಂತು, ಮೈಲಿ ಹೋಗಿ ಕಿಲೋಮೀಟರ್ ಬಂತು. ರಸ್ತೆಬದಿಯ ಕಲ್ಲುಗಳ ಅಂಕೆ ಬದಲಾಯಿತು, ಹೊಸ ಕಾರುಗಳ ಮೀಟರೂ ಬದಲಾಯಿತು. ಭಾಷೆ ಮಾತ್ರ ಬದಲಾಗಲಿಲ್ಲ. ನಾಗಮಂಗಲದಲ್ಲಾಗಲಿ ಕೆ.ಆರ್. ಪೇಟೆಯಲ್ಲಾಗಲಿ ಇಂದಿಗೂ ಕಾರು ಕೊಳ್ಳುವವರು ಕೇಳುವುದು “ಮೈಲೇಜ್ ಎಷ್ಟು?” ಎಂದೇ. ಉತ್ತರ ಬರುವುದು ಕಿಲೋಮೀಟರಿನಲ್ಲಿ!

ಹಾಗಾದರೆ ಹಳೆಯ ಮೀಟರನ್ನು ಬದಲಿಸುವುದು ತಪ್ಪೇ? ಎಲ್ಲ ಸಂದರ್ಭದಲ್ಲೂ ಅಲ್ಲ. ಕಬ್ಬು ಅರೆಯುವ ಕಾಲದಲ್ಲಿ ಪಾಂಡವಪುರದ ರಸ್ತೆಗಳಲ್ಲಿ ಕಬ್ಬಿನ ಟ್ರ್ಯಾಕ್ಟರು, ಗಾಡಿಗಳ ಹಿಂದೆ ಸೆಕೆಂಡ್ ಗೇರಿನಲ್ಲಿ ತೆವಳುವಾಗಲೂ, ಮೇಲುಕೋಟೆಯ ಬೆಟ್ಟ ಹತ್ತುವಾಗಲೂ ಹಳೆಯ ಎಂಜಿನ್ ಕಾಯುತ್ತದೆ. ಟೆಂಪರೇಚರ್ ಮೀಟರ್ ಸತ್ತಿದ್ದರೆ ವಿಷಯ ತಿಳಿಯುವುದು ಬಾನೆಟ್ಟಿನಿಂದ ಆವಿ ಎದ್ದ ಮೇಲೆ. ಡೈನಮೊ ತೆಗೆದು ಹೆಚ್ಚು ವಿದ್ಯುತ್ ಕೊಡುವ ಆಲ್ಟರ್ನೇಟರ್ ಹಾಕಿಸಿದವರು ಹಳೆಯ ಆಂಪಿಯರ್ ಮೀಟರನ್ನೇ ಉಳಿಸಿಕೊಂಡರೆ ಅಪಾಯವುಂಟು. ಚಾರ್ಜಿಂಗ್ ವಿದ್ಯುತ್ತೆಲ್ಲ ಆ ಮೀಟರಿನ ಮೂಲಕವೇ ಹಾಯುವುದರಿಂದ ತಂತಿ ಕಾದು ಬೆಂಕಿ ಹತ್ತಬಹುದು. ಅಲ್ಲಿ ವೋಲ್ಟ್ ಮೀಟರ್ ಲೇಸು.

ಆದರೆ ಹೊಸದನ್ನು ಹಾಕುವ ಮುನ್ನವೂ ನೋಡಬೇಕಾದದ್ದಿದೆ. ಬ್ರಿಟನ್ನಿನ ಅನೇಕ ಹಳೆಯ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಬಾಡಿಗೆ ಅರ್ತ್ ಮಾಡಿರುತ್ತಾರೆ. ಇಂದಿನ ಕಾರುಗಳಲ್ಲಿ ಮೈನಸ್ ತುದಿಯನ್ನು. ಅಮೆರಿಕದ ಹಳೆಯ ಕಾರುಗಳಲ್ಲಿ 12ರ ಬದಲು 6 ವೋಲ್ಟಿನ ಬ್ಯಾಟರಿ ಇದ್ದದ್ದೂ ಉಂಟು. ಇದನ್ನು ಗಮನಿಸದೆ ಜೋಡಿಸಿದರೆ ಎಲೆಕ್ಟ್ರಾನಿಕ್ ಮೀಟರ್ ಕೆಟ್ಟುಹೋದೀತು ಅಥವಾ ಕೆಲಸವನ್ನೇ ಮಾಡದಿದ್ದೀತು. ಎರಡನೆಯ ಮಹಾಯುದ್ಧ ಕಾಲದ ಸೈನ್ಯದ ಜೀಪುಗಳಲ್ಲಿ ಇನ್ನೊಂದು ಸಂಗತಿ: ಕತ್ತಲಲ್ಲಿ ಕಾಣಲೆಂದು ಅಂಕೆಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಹೊಳಪು ಎಂದೋ ಆರಿದ್ದರೂ ರೇಡಿಯಂನ ವಿಕಿರಣ ಅರ್ಧಕ್ಕಿಳಿಯಲು ಸುಮಾರು 1600 ವರ್ಷ ಬೇಕು. ಅಂಥ ಮೀಟರನ್ನು ಬಿಚ್ಚಿ ಕೆರೆಯುವುದು ಸಲ್ಲದು.

ಇನ್ನು ಕಾನೂನಿನ ಮಾತು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. 1970ರ ದಶಕದ ಮೊದಲ ವರ್ಷಗಳ ಅಂಬಾಸಿಡರುಗಳಿಗೆ ಈಗ ಐವತ್ತು ದಾಟಿದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ, 50 ವರ್ಷ ಮೀರಿ ಮೂಲ ರೂಪದಲ್ಲೇ ಉಳಿದ ವಾಹನಕ್ಕೆ ವಿಂಟೇಜ್ ಎಂದು ‘ವಿಎ’ ಅಕ್ಷರಗಳುಳ್ಳ ನೋಂದಣಿ ಸಂಖ್ಯೆ ಪಡೆಯಬಹುದು. ಷಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಕೂಡದು. ಡ್ಯಾಶ್‌ಬೋರ್ಡಿನ ಹೆಸರು ಆ ಪಟ್ಟಿಯಲ್ಲಿಲ್ಲ ನಿಜ. ಆದರೆ ಉಕ್ಕಿನ ಹಲಗೆಯನ್ನೇ ಕತ್ತರಿಸಿ ಟಿ.ವಿ.ಯಂಥ ಪರದೆ ಕೂರಿಸಿದ ಮೇಲೆ ಮೂಲ ರೂಪ ಎಲ್ಲಿ ಉಳಿಯಿತು?

ಬಲ್ಲ ಮೆಕ್ಯಾನಿಕ್‌ಗಳ ದಾರಿ ಬೇರೆ. ಹಳೆಯ ಮೀಟರಿನ ಮುಖ, ಗಾಜು, ಮುಳ್ಳುಗಳನ್ನು ಹಾಗೇ ಇಟ್ಟು ಒಳಗಿನ ಯಂತ್ರವನ್ನಷ್ಟೇ ಹೊಸದು ಮಾಡುತ್ತಾರೆ. ಮೈಲಿಯ ಅಂಕೆಗಳ ಒಳಸುತ್ತಿನಲ್ಲಿ ಕಿಲೋಮೀಟರಿನ ಸಣ್ಣ ಗುರುತು ಹಾಕಬಹುದು. ಉಪಗ್ರಹದ ನೆರವಿನಿಂದ ವೇಗ ತೋರಿಸುವ ಪುಟ್ಟ ಮೀಟರನ್ನು ರಂಧ್ರ ಕೊರೆಯದೆ ಡ್ಯಾಶ್‌ಬೋರ್ಡಿನ ಕೆಳಗೆ ತೂಗಿಸಬಹುದು. ಬೇಡವಾದಾಗ ತೆಗೆದುಹಾಕುವಂತಿರಬೇಕು ಎಂಬುದೇ ಸೂತ್ರ. ಮೀಟರ್ ಬದಲಿಸಿದ ದಿನ ಹಳೆಯದು ತೋರಿಸುತ್ತಿದ್ದ ಒಟ್ಟು ದೂರವನ್ನು ಬರೆದಿಡುವುದೂ ಅಗತ್ಯ. ಅದು ಆ ಕಾರಿನ ಜಾತಕವಿದ್ದಂತೆ.

ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದವರ ಸಂಗ್ರಹದ ಹಳೆಯ ಕಾರುಗಳ ‘ಪಯಣ’ ವಸ್ತುಸಂಗ್ರಹಾಲಯವಿದೆ. ಅಲ್ಲಿಗೆ ಹೋದವರು ಹೊರಗಿನ ಹೊಳಪು ನೋಡಿ ಮುಂದೆ ಸಾಗದೆ, ಕಿಟಕಿಯ ಗಾಜಿನಿಂದ ಒಮ್ಮೆ ಒಳಗೆ ಇಣುಕಿ, ಮೀಟರಿನಲ್ಲಿ ಬರೆದಿರುವುದು ಮೈಲಿಯೋ ಕಿಲೋಮೀಟರೋ ಎಂದು ನೋಡಬೇಕು. ಆ ಕಾರು ಯಾವ ದೇಶದ, ಯಾವ ಕಾಲದ ರಸ್ತೆಗಾಗಿ ಹುಟ್ಟಿತು ಎಂಬುದರ ಸುಳಿವು ಅಲ್ಲೇ ಇರುತ್ತದೆ.