ಕಾಂಪೌಂಡರಿಕೆಯಿಂದ ಕ್ಲಿನಿಕಲ್ ಫಾರ್ಮಸಿಗೆ: ಕರ್ನಾಟಕದ ಒಂದು ಅಧ್ಯಾಯ

ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಮದ್ದು ಕೊಡುವವನನ್ನು ಜನ ಬಹುಕಾಲ ‘ಕಾಂಪೌಂಡರ್’ ಎಂದೇ ಕರೆದರು. ವೈದ್ಯರ ಚೀಟಿಯಂತೆ ಮಿಶ್ರಣ ಬೆರೆಸಿ ಸೀಸೆಗೆ ತುಂಬುವುದು ಅವನ ಕಾಯಕವಾಗಿತ್ತು. 1948ರ ಫಾರ್ಮಸಿ ಕಾಯ್ದೆಯು ಈ ವೃತ್ತಿಗೆ ಶಿಕ್ಷಣದ ಕಟ್ಟಳೆಯನ್ನೂ ನೋಂದಣಿಯನ್ನೂ ತಂದಿತಾದರೂ, ಸಿದ್ಧ ಗುಳಿಗೆಗಳು ಬಂದಂತೆ ಬೆರೆಸುವ ಕೆಲಸವೇ ಕ್ಷೀಣಿಸಿತು. ಫಾರ್ಮಸಿ ಪದವೀಧರರಲ್ಲಿ ಬಹುಪಾಲು ಜನ ಕಾರ್ಖಾನೆಯತ್ತ, ಇಲ್ಲವೆ ಅಂಗಡಿಯತ್ತ ನಡೆದರು. ರೋಗಿಯ ಹಾಸಿಗೆಯ ಬಳಿಗೆ ಹೋದವರು ವಿರಳ.

ಈ ಸ್ಥಿತಿಯನ್ನು ಬದಲಿಸುವ ಗಂಭೀರ ಯತ್ನ ನಡೆದುದು ಮೈಸೂರಿನಲ್ಲಿ. 1973ರಲ್ಲಿ ಸ್ಥಾಪಿತವಾದ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು 1990ರ ದಶಕದ ಉತ್ತರಾರ್ಧದಲ್ಲಿ ‘ಫಾರ್ಮಸಿ ಪ್ರಾಕ್ಟೀಸ್’ ಸ್ನಾತಕೋತ್ತರ ಶಿಕ್ಷಣವನ್ನು ಆರಂಭಿಸಿತು. ಉದಕಮಂಡಲದ ಸೋದರ ಕಾಲೇಜೂ ಇದರಲ್ಲಿ ಜೊತೆಗಿತ್ತು. ಆಸ್ಟ್ರೇಲಿಯಾದ ಅಡಿಲೇಡ್ ನಗರದ ರಿಪ್ಯಾಟ್ರಿಯೇಷನ್ ಜನರಲ್ ಆಸ್ಪತ್ರೆಯ ಸಹಕಾರ ಇದಕ್ಕೆ ದೊರೆಯಿತು. ಈ ಪರಿಸರದಿಂದಲೇ ಮೂಡಿದ, ಜಿ. ಪಾರ್ಥಸಾರಥಿ, ಕರಿನ್ ನೈಫೋರ್ಟ್-ಹ್ಯಾನ್ಸನ್ ಮತ್ತು ಮಿಲಾಪ್ ನಹತಾ ಸಂಪಾದಿಸಿದ ಪಠ್ಯಗ್ರಂಥವು 2004ರಲ್ಲಿ ಪ್ರಕಟವಾಯಿತು.

ಹೊಸ ಶಿಕ್ಷಣದ ಸತ್ವವಿದ್ದುದು ತರಗತಿಯಲ್ಲಲ್ಲ, ವಾರ್ಡಿನಲ್ಲಿ. ವೈದ್ಯರೊಡನೆ ಸುತ್ತುವಾಗ ವಿದ್ಯಾರ್ಥಿಯು ಔಷಧ ಪಟ್ಟಿಯನ್ನು ರಕ್ತಪರೀಕ್ಷೆಯ ವರದಿಯೊಡನೆ ತಾಳೆ ನೋಡಬೇಕು. ಜೆಂಟಾಮೈಸಿನ್ ಮೂತ್ರಪಿಂಡದ ಮೂಲಕ ಹೊರಹೋಗುವ ಮದ್ದು. ಮೂತ್ರಪಿಂಡ ಸೋತ ವೃದ್ಧನಿಗೆ ಎಂದಿನ ಪ್ರಮಾಣವನ್ನೇ ಕೊಟ್ಟರೆ ಶ್ರವಣಶಕ್ತಿಯೇ ಕುಂದಬಹುದು. ಇದನ್ನು ಮೊದಲೇ ಗುರುತಿಸಿ, ಪ್ರಮಾಣವನ್ನೋ ಅಂತರವನ್ನೋ ಬದಲಿಸುವಂತೆ ವೈದ್ಯರಿಗೆ ಸಕಾರಣವಾಗಿ ಸೂಚಿಸುವುದೇ ಇಲ್ಲಿನ ಪರಿಣತಿ. ಕಿರಿಯನೊಬ್ಬ ಹಿರಿಯ ವೈದ್ಯರಿಗೆ ಹೀಗೆ ಹೇಳುವುದು ನಮ್ಮ ಆಸ್ಪತ್ರೆಗಳ ಶ್ರೇಣಿವ್ಯವಸ್ಥೆಯಲ್ಲಿ ಸುಲಭದ ಮಾತಲ್ಲ.

ರೋಗಿಯ ಔಷಧ ಚರಿತ್ರೆಯನ್ನು ಕೇಳಿ ತಿಳಿಯುವುದು ಮತ್ತೊಂದು ಕೌಶಲ. ಮಾಗಡಿ ಸೀಮೆಯ ಸಾವನದುರ್ಗದ ಕಾಡು ಔಷಧೀಯ ಸಸ್ಯ ಸಂರಕ್ಷಣಾ ಪ್ರದೇಶವೆಂದು ಗುರುತಿಸಲ್ಪಟ್ಟಿದೆ. ನಾಟಿಮದ್ದಿನ ನಂಬಿಕೆ ಗಾಢವಾಗಿರುವ ಇಂತಹ ಸೀಮೆಗಳಲ್ಲಿ ‘ಯಾವ ಗುಳಿಗೆ ನುಂಗುತ್ತೀರಿ?’ ಎಂಬ ಪ್ರಶ್ನೆಯಷ್ಟೇ ಸಾಲದು. ಬೇರು, ಕಷಾಯಗಳನ್ನು ಜನ ಔಷಧವೆಂದು ಲೆಕ್ಕಕ್ಕೆ ಹಿಡಿಯದೆ ಇರಬಹುದು. ಆದರೆ ವಾರ್ಫರಿನ್‌ನಂತಹ ರಕ್ತ ತಿಳಿಗೊಳಿಸುವ ಮದ್ದಿನೊಡನೆ ಕೆಲವು ಮೂಲಿಕೆಗಳು ಸೇರಿದರೆ ರಕ್ತಸ್ರಾವದ ಅಪಾಯವುಂಟು. ಅಡಿಲೇಡಿನಿಂದ ಬಂದ ವಿಧಾನ ಇಲ್ಲಿನ ನುಡಿಯನ್ನೂ ನಡೆಯನ್ನೂ ಕಲಿಯಬೇಕಾದುದು ಇದಕ್ಕಾಗಿಯೇ.

2008ರಲ್ಲಿ ಭಾರತೀಯ ಫಾರ್ಮಸಿ ಪರಿಷತ್ತು ಆರು ವರ್ಷಗಳ ಫಾರ್ಮ್.ಡಿ. ಪದವಿಯನ್ನು ಜಾರಿಗೆ ತಂದಿತು. ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯ ತರಬೇತಿ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯು ರೋಗಿಗೆ ಸಲಹೆ ನೀಡುವುದನ್ನು ವೃತ್ತಿಯ ಕರ್ತವ್ಯವಾಗಿಸಿತು. ಶಿಕ್ಷಣ ಮುಂದೆ ಸಾಗಿದ ವೇಗದಲ್ಲಿ ಹುದ್ದೆಗಳು ಸೃಷ್ಟಿಯಾಗಲಿಲ್ಲ. ವಾರ್ಡಿನಲ್ಲಿ ಪಳಗಿದವರಲ್ಲಿ ಹಲವರು ಔಷಧ ಕಂಪನಿಗಳ ಸುರಕ್ಷತಾ ವಿಭಾಗಗಳನ್ನು ಸೇರಿದರು. ಕೆಲವರು ವಿದೇಶಕ್ಕೆ ತೆರಳಿದರು.